ಬ್ಯಾಟರಿ ಬದಲಿಸಿದ ಮೇಲೆ ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತಿದೆ: ದೋಷ ಯಾವುದರದು?

ತುಮಕೂರು ರಸ್ತೆಯವನು:
ನನ್ನದು 2014ರ ಹೋಂಡಾ ಸಿಟಿ, ಪೆಟ್ರೋಲ್, ಮ್ಯಾನುಯಲ್ ಗೇರ್. ಹಳೆಯ ಬ್ಯಾಟರಿ ಆಯುಷ್ಯ ಮುಗಿಸಿದ್ದರಿಂದ ಮನೆ ಹತ್ತಿರದ ಅಂಗಡಿಯಲ್ಲಿ ಹೊಸದನ್ನು ಹಾಕಿಸಿದೆ. ಈಗ ಒಂದೇ ಸಲ ಸೆಲ್ಫ್ ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಸಿಗ್ನಲ್ ಬಳಿ ಕ್ಲಚ್ ಒತ್ತಿ ನಿಲ್ಲಿಸಲು ಹೋದರೆ ಆರ್‌ಪಿಎಂ ಮುಳ್ಳು 500ಕ್ಕಿಂತ ಕೆಳಗೆ ಬಿದ್ದು ಎಂಜಿನ್ ಆಫ್ ಆಗುತ್ತದೆ. ಎಸಿ ಹಾಕಿದ್ದರೆ ಖಂಡಿತ ಆಫ್. ಗೊರಗುಂಟೆಪಾಳ್ಯದಲ್ಲಿ ಹಿಂದೆ ಲಾರಿಗಳ ಸಾಲು ಇರುವಾಗ ಹೀಗಾದರೆ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವರು, "ಬ್ಯಾಟರಿ ಚೆನ್ನಾಗಿದೆ, ನಿಮ್ಮ ಎಂಜಿನ್ ತೋರಿಸಿಕೊಳ್ಳಿ" ಎನ್ನುತ್ತಾರೆ. ಬ್ಯಾಟರಿ ಹಾಕಿಸುವ ದಿನದವರೆಗೂ ಇಲ್ಲದ ತೊಂದರೆ ಅದೇ ಸಂಜೆ ಹೇಗೆ ಬಂತು?

ಪಾನಾ ಹಿಡಿದವನು, ದಾವಣಗೆರೆ:
ಸರ್, ನಾನು ಗ್ಯಾರೇಜು ನಡೆಸುವವನು. ಇಂಥ ಗಾಡಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ನಿಮ್ಮ ಥ್ರಾಟಲ್ ಬಾಡಿಯಲ್ಲಿ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗದಲ್ಲಿ, ಕಾರ್ಬನ್ ಕಟ್ಟಿದೆ. ಎಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೂ ಅದರೊಳಗಿನ ತಟ್ಟೆ ಪೂರ್ತಿ ಮುಚ್ಚುವುದಿಲ್ಲ. ಸಣ್ಣ ಸಂದು ಉಳಿದಿರುತ್ತದೆ. ಅಲ್ಲಿಂದ ಬರುವ ಗಾಳಿಯೇ, ಕಾಲು ತೆಗೆದಾಗಲೂ ಎಂಜಿನ್ ನಿಧಾನವಾಗಿ ನಡೆಯುತ್ತಿರುವ ಐಡಲಿಂಗ್‌ಗೆ ಆಧಾರ. ವರ್ಷ ಕಳೆದಂತೆ ಆ ಸಂದಿನ ಅಂಚಿಗೆ ಮಸಿ ಕೂರುತ್ತದೆ. ಗಾಳಿ ಕಡಿಮೆಯಾಯಿತೆಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಟ್ಟೆಯನ್ನು ತುಸು ತುಸುವೇ ಹೆಚ್ಚು ತೆರೆಯುತ್ತ, ಎಷ್ಟು ತೆರೆಯಬೇಕೆಂಬ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಸಂಭಾಳಿಸುತ್ತ ಬಂದಿರುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದಾಗ ಆ ನೆನಪು ಅಳಿಸಿತು. ಈಗ ಇಸಿಯು ಕಾರ್ಖಾನೆಯಲ್ಲಿ ಕೊಟ್ಟ ಲೆಕ್ಕದಂತೆ ತಟ್ಟೆ ತೆರೆಯುತ್ತಿದೆ. ಅಷ್ಟು ಗಾಳಿ ಶುಭ್ರವಾದ ಥ್ರಾಟಲ್‌ಗೆ ಸಾಕು, ನಿಮ್ಮದಕ್ಕೆ ಸಾಲದು. ಬ್ಯಾಟರಿ ಹಾಕಿದವನು ರೋಗ ತಂದಿಲ್ಲ, ಇದ್ದ ರೋಗ ಹೊರಗೆ ಬಂದಿದೆ.

ಕರಾವಳಿ ಸವಾರ:
ಬಾನೆಟ್ ಎತ್ತಿ ನೋಡದೆ ಕಾರ್ಬನ್ ಎಂದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಗಾಡಿಯಲ್ಲಿ ಕೊನೆಗೆ ಯಾರ ಕೈ ಎಲ್ಲಿ ಆಡಿತೋ ಅಲ್ಲಿಂದ ಹುಡುಕಬೇಕು. ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಕ್ಕದಲ್ಲೇ ಏರ್ ಫಿಲ್ಟರ್ ಡಬ್ಬಿ ಇರುತ್ತದೆ. ಬ್ಯಾಟರಿ ಎತ್ತುವಾಗ ಗಾಳಿಯ ಪೈಪಿಗೆ ಮೊಣಕೈ ತಾಗಿ ಕ್ಲಾಂಪ್ ಸಡಿಲವಾಗಿರಬಹುದು, ಸೆನ್ಸರಿನ ಪ್ಲಗ್ ಕಳಚಿರಬಹುದು. ಟರ್ಮಿನಲ್ ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು ಸಡಿಲವಾಗಿ ಬಿಟ್ಟಿರುವುದನ್ನೂ ನೋಡಿದ್ದೇನೆ. ಇವುಗಳನ್ನು ನೋಡಲು ಹತ್ತು ನಿಮಿಷ ಸಾಕು, ದುಡ್ಡೂ ಬೇಡ. ಮೊದಲೇ ಥ್ರಾಟಲ್ ಬಾಡಿ ಬಿಚ್ಚಿಸುವ ಸಲಹೆ ಏಕೆ?

ವೋಲ್ಟ್ ಮೇಷ್ಟ್ರು:
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಲಕ್ಷಣವನ್ನು ಗಮನಿಸಿ. ಥ್ರಾಟಲ್ ದಾಟಿದ ಮೇಲೆ ಎಲ್ಲಾದರೂ ಹೋಸ್ ಕಳಚಿ ಗಾಳಿ ನುಗ್ಗಿದರೆ ಸಾಮಾನ್ಯವಾಗಿ ಐಡಲಿಂಗ್ ಏರುತ್ತದೆ ಅಥವಾ ಮೇಲೆ ಕೆಳಗೆ ಓಲಾಡುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ, ಆ ಸೆನ್ಸರ್ ದಾಟಿದ ಪೈಪಿನಲ್ಲಿ ಬಿರುಕು ಇದ್ದರೆ ಎಂಜಿನ್ ನಿಲ್ಲುವುದೂ ಉಂಟು. ಇಲ್ಲಿ ಮುಳ್ಳು ನೇರವಾಗಿ ಕೆಳಗೆ ಬೀಳುತ್ತಿದೆ, ಅದೂ ನಿಲ್ಲಿಸುವ ಗಳಿಗೆಯಲ್ಲಿ. ಕ್ಲಚ್ ಒತ್ತಿದಾಗ ಎಂಜಿನ್ನಿನ ವೇಗ ಸರ್ರನೆ ಇಳಿಯುತ್ತದೆ. ಆ ಇಳಿತವನ್ನು ಹಿಡಿಯಲು ಇಸಿಯುಗೆ ಮೊದಲೇ ಕಲಿತ ಲೆಕ್ಕ ಬೇಕು. ಬಿದ್ದ ಮೇಲೆ ತಿದ್ದಲು ಹೋದರೆ ತಡವಾಗಿರುತ್ತದೆ. ಆದ್ದರಿಂದಲೇ ನಿಂತ ಗಾಡಿಯಲ್ಲಿ ಐಡಲಿಂಗ್ ಹೇಗೋ ನಡೆಯುತ್ತದೆ, ಎಸಿ ಕಂಪ್ರೆಸರ್ ಹತ್ತಿದ ಕೂಡಲೇ ಮುಗ್ಗರಿಸುತ್ತದೆ. ನನ್ನ ಒಲವು ದಾವಣಗೆರೆಯವರ ಕಡೆ.

ಇನ್ನೊಂದು ಮಾತು. ಮಲ್ಟಿಮೀಟರ್ ಇದ್ದರೆ ವೋಲ್ಟೇಜ್ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6ರ ಆಸುಪಾಸು ಇರಬೇಕು. ಎಂಜಿನ್ ನಡೆಯುವಾಗ 13.8ರಿಂದ 14.5 ವಾಡಿಕೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ ಆಲ್ಟರ್ನೇಟರ್ ಅದನ್ನು ತುಂಬಲು ಹೆಣಗುತ್ತ ಎಂಜಿನ್ನನ್ನು ಎಳೆಯುತ್ತದೆ. ಕೆಲವು ಹೋಂಡಾಗಳಲ್ಲಿ ಹೊರೆ ಕಡಿಮೆ ಇರುವಾಗ ಆಲ್ಟರ್ನೇಟರನ್ನು ಬೇಕೆಂದೇ 12.5ರ ಸುಮಾರಿಗೆ ಇಳಿಸುವ ವ್ಯವಸ್ಥೆ ಇದೆ. ಅದನ್ನು ನೋಡಿ ಆಲ್ಟರ್ನೇಟರ್ ಹೋಯಿತೆಂದು ಬದಲಿಸಬೇಡಿ; ಹೆಡ್‌ಲೈಟ್ ಹಾಕಿ ಮತ್ತೆ ಅಳೆಯಿರಿ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿ ತಂತಿ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುತ್ತೇನೆ ಎನ್ನುವ ಮೆಕ್ಯಾನಿಕ್ ಸಿಕ್ಕರೆ ಕೈ ಹಿಡಿದು ತಡೆಯಿರಿ. ಆಗ ಏಳುವ ವೋಲ್ಟೇಜ್ ಇಸಿಯುವನ್ನೇ ಸುಡಬಲ್ಲದು.

ಚಾಮುಂಡಿ ತಪ್ಪಲು:
ಎಲ್ಲರೂ ಕಾರಣ ಹೇಳುತ್ತಿದ್ದೀರಿ, ಅಪಾಯವನ್ನು ಯಾರೂ ಹೇಳುತ್ತಿಲ್ಲ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯುತ್ತದೆ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಒತ್ತಿಗೆ ಸಾಕಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಘಾಟಿ ಇಳಿಯುವಾಗ ಹೀಗಾದರೆ ಏನು ಗತಿ? ಅಣ್ಣ, ಸರಿಹೋಗುವವರೆಗೆ ದೂರ ಹೋಗಬೇಡಿ. ನಿಂತುಬಿಟ್ಟರೆ ಬ್ರೇಕನ್ನು ಪದೇಪದೇ ಒತ್ತದೆ ಒಮ್ಮೆಗೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಪಾನಾ ಹಿಡಿದವನು, ದಾವಣಗೆರೆ:
ತಂಗಿ ಹೇಳಿದ್ದು ಸರಿ. ಹೋಂಡಾದಲ್ಲಿ ಐಡಲಿಂಗ್ ಮತ್ತೆ ಕಲಿಸುವ ಕ್ರಮ ಹೀಗಿದೆ. ಎಸಿ, ಲೈಟ್, ಸ್ಟೀರಿಯೋ ಎಲ್ಲ ಆಫ್ ಇರಲಿ. ಇಗ್ನಿಷನ್ ಆನ್ ಮಾಡಿ ಎರಡು ಸೆಕೆಂಡು ಬಿಟ್ಟು ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲಿ 3000 ಆರ್‌ಪಿಎಂನಲ್ಲಿ ಹಿಡಿದು ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಕಾಯಿರಿ. ಆಮೇಲೆ ಎಕ್ಸಿಲರೇಟರ್ ಮುಟ್ಟದೆ ಐದು ನಿಮಿಷ ಐಡಲಿಂಗ್‌ನಲ್ಲಿ ಬಿಡಿ. ನಡುವೆ ಫ್ಯಾನ್ ತಿರುಗಿದರೆ ಆ ಸಮಯವನ್ನು ಐದು ನಿಮಿಷದ ಲೆಕ್ಕಕ್ಕೆ ಸೇರಿಸಬಾರದು. ಬಯಲಿನಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಇದು ಹೋಂಡಾದ ಕ್ರಮ, ಎಲ್ಲ ಕಂಪನಿಗಳಿಗೂ ಇದನ್ನೇ ಹಚ್ಚಬೇಡಿ. ನಿಸ್ಸಾನ್‌ನ ಕ್ರಮವೇ ಬೇರೆ. ಹಲವು ಗಾಡಿಗಳಿಗೆ ಸ್ಕ್ಯಾನರ್ ಬೇಕು.

ದುಬೈ ಕನ್ನಡಿಗ:
ಇಷ್ಟೆಲ್ಲ ಕಷ್ಟ ಏಕೆ? ಇಲ್ಲಿಯ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ. ನಾನು ಹೋಗುವ ಅಂಗಡಿಯಲ್ಲಿ ಹಳೆಯದನ್ನು ಬಿಚ್ಚುವ ಮೊದಲು ಸ್ಕ್ಯಾನರ್ ಜೋಡಿಸುವ ಓಬಿಡಿ ಸಾಕೆಟ್ಟಿಗೆ ಸಣ್ಣ ಬ್ಯಾಟರಿ ಜೋಡಿಸುತ್ತಾರೆ. ಆ ಸಾಕೆಟ್ಟಿನ 16ನೇ ಪಿನ್ ಬ್ಯಾಟರಿಯ ಧನ ತುದಿಗೆ, 4 ಮತ್ತು 5ನೆಯವು ಅರ್ತ್‌ಗೆ ಸೇರಿರುತ್ತವೆ. ನೆನಪು ಅಳಿಸುವ ಮಾತೇ ಇಲ್ಲ. ಊರಿನ ಅಂಗಡಿಗಳೂ ಇದನ್ನು ಕಡ್ಡಾಯವಾಗಿ ಮಾಡಬೇಕು.

ಪಾನಾ ಹಿಡಿದವನು, ದಾವಣಗೆರೆ:
ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಜೋಡಿಸಿದಾಗ ಬಿಚ್ಚಿದ ಪಾಸಿಟಿವ್ ಕ್ಲಾಂಪಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದು ಬಾನೆಟ್ಟಿನ ಅಂಚಿಗೋ ಪಾನಾಕ್ಕೋ ತಾಗಿದರೆ ಕಿಡಿ ಹಾರುತ್ತದೆ, ಫ್ಯೂಸ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾರ್ಬನ್ ಅಲ್ಲೇ ಉಳಿಯುತ್ತದೆ. ಇಸಿಯು ಎಲ್ಲಿಯವರೆಗೆ ಸಂಭಾಳಿಸಬೇಕು? ಅದಕ್ಕೂ ಒಂದು ಮಿತಿ ಇದೆ. ಮಿತಿ ದಾಟಿದ ದಿನ, ಐಡಲಿಂಗ್ ವೇಗ ಬೇಕಾದ್ದಕ್ಕಿಂತ ಕಡಿಮೆ ಎನ್ನುವ ಪಿ0506 ಕೋಡ್ ಬಂದು ಎಂಜಿನ್ ದೀಪ ಹತ್ತುತ್ತದೆ.

ಚಾಮುಂಡಿ ತಪ್ಪಲು:
ಥ್ರಾಟಲ್ ಕೊಳೆಯಾಗಿದೆ ಎಂದು ಗೊತ್ತಾಗಲು ನಾನು ನಡುರಸ್ತೆಯಲ್ಲಿ ನಿಲ್ಲಬೇಕೇ? ಕ್ಲಾಂಪಿಗೆ ರಬ್ಬರ್ ಕವಚ ಹಾಕಿ ಕೆಲಸ ಮಾಡುವ ಎಚ್ಚರ ಇರುವವರು ನೆನಪು ಉಳಿಸಲಿ, ಸ್ವಚ್ಛತೆಯನ್ನು ಸರ್ವಿಸಿನಲ್ಲಿ ಹೇಳಲಿ. ಅದೂ ಆಗದಿದ್ದರೆ, "ಐಡಲಿಂಗ್ ಸ್ವಲ್ಪ ದಿನ ಕೆಡಬಹುದು, ಜೋಪಾನ" ಎಂದು ಒಂದು ಮಾತು ಹೇಳಿ ಕಳಿಸಲಿ. ಹಣ ಎಣಿಸಿಕೊಂಡು, ಹಳೆಯ ಬ್ಯಾಟರಿಯನ್ನೂ ಇಟ್ಟುಕೊಂಡು, ತೊಂದರೆ ಹೇಳಿದಾಗ ಎಂಜಿನ್ ತೋರಿಸಿಕೊಳ್ಳಿ ಎನ್ನುವುದು ನ್ಯಾಯವಲ್ಲ.

ತುಮಕೂರು ರಸ್ತೆಯವನು:
ಎಲ್ಲರಿಗೂ ಕೃತಜ್ಞತೆ. ವೋಲ್ಟೇಜ್ ಸರಿಯಿತ್ತು. ಗಾಳಿಯ ಪೈಪಿನ ಕ್ಲಾಂಪ್ ನಿಜವಾಗಿಯೂ ಸಡಿಲವಿತ್ತು, ಬಿಗಿಮಾಡಿದೆ, ಲಕ್ಷಣ ಬದಲಾಗಲಿಲ್ಲ. 3000 ಆರ್‌ಪಿಎಂ ಕ್ರಮ ಮಾಡಿದ ಮೇಲೆ ಎಸಿ ಇಲ್ಲದೆ ನಿಲ್ಲುವುದು ತಪ್ಪಿತು, ಎಸಿ ಹಾಕಿದರೆ ಇನ್ನೂ ನಡುಗುತ್ತಿತ್ತು. ಕೊನೆಗೆ ಪೈಪ್ ಬಿಚ್ಚಿಸಿ ನೋಡಿದರೆ ತಟ್ಟೆಯ ಅಂಚಿನಲ್ಲಿ ಕಾಡಿಗೆಯಂಥ ಕಪ್ಪು ಉಂಗುರ. ಸ್ವಚ್ಛ ಮಾಡಿಸಿದೆ. ಆಮೇಲೆ ಐಡಲಿಂಗ್ 1200ಕ್ಕೆ ಏರಿ ಕುಳಿತಿತ್ತು, ಮತ್ತೆ ಕಲಿಸಿದ ಮೇಲೆ ಇಳಿದು ನೆಲೆಗೊಂಡಿತು. ಎಸಿ ಹಾಕಿದರೂ ಈಗ ಮುಳ್ಳು ಅಲುಗುವುದಿಲ್ಲ.

ಕರಾವಳಿ ಸವಾರ:
ಕಾರ್ಬನ್ ವಿಷಯ ಒಪ್ಪಿದೆ. ಆದರೆ ಕ್ಲಾಂಪ್ ಸಡಿಲವಿದ್ದದ್ದೂ ನಿಜವಲ್ಲವೇ? ಹಾಗೇ ಬಿಟ್ಟಿದ್ದರೆ ಫಿಲ್ಟರ್ ದಾಟದ ಧೂಳು ನೇರವಾಗಿ ಎಂಜಿನ್ ಒಳಗೆ ಹೋಗುತ್ತಿತ್ತು. ಮೊದಲು ಕಣ್ಣಿಂದ ನೋಡಿ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪಾನಾ ಹಿಡಿದವನು, ದಾವಣಗೆರೆ:
ಅದು ನಿಮ್ಮ ಹಕ್ಕು, ಒಪ್ಪುತ್ತೇನೆ. ಮನೆಯಲ್ಲೇ ಸ್ವಚ್ಛ ಮಾಡುವವರಿಗೆ ಒಂದು ಸೂಚನೆ: ಮೋಟಾರಿನಿಂದ ತಿರುಗುವ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಗೇರ್ ಹಲ್ಲು ಪ್ಲಾಸ್ಟಿಕ್ಕಿನದು. ಕ್ಲೀನರನ್ನು ನೇರವಾಗಿ ಸುರಿಯದೆ ಬಟ್ಟೆಗೆ ಹಾಕಿ ಒರೆಸಿ.

ಹಾಸನದ ಹೊಸ ಚಾಲಕ:
ನನ್ನ ಕಾರು ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವಂಥದ್ದು. ಬ್ಯಾಟರಿ ಬದಲಿಸಿದ ಮೇಲೆ ಆ ಸೌಲಭ್ಯ ಕೆಲಸ ಮಾಡುತ್ತಿಲ್ಲ. ಇದೂ ಥ್ರಾಟಲ್ ದೋಷವೇ?

ವೋಲ್ಟ್ ಮೇಷ್ಟ್ರು:
ಅಲ್ಲ. ನಿಮ್ಮ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಇರಬೇಕು. ಹೊಸ ಬ್ಯಾಟರಿಯ ಸ್ಥಿತಿಯನ್ನು ಅದು ಅಳೆದುಕೊಳ್ಳಲು ಗಾಡಿ ಕೆಲವು ಗಂಟೆ ಅಲುಗದೆ ನಿಲ್ಲಬೇಕು. ರಾತ್ರಿ ಬಿಟ್ಟು ನೋಡಿ. ಆಗಲೂ ಬರದಿದ್ದರೆ ಹಾಕಿರುವುದು ಇಂಥ ಗಾಡಿಗಳಿಗೆ ಬೇಕಾದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಎಂದು ಲೇಬಲ್ ಓದಿ. ಸಾಮಾನ್ಯ ಬ್ಯಾಟರಿ ಹಾಕಿದ್ದರೆ, ಪದೇಪದೇ ಸ್ಟಾರ್ಟ್ ಆಗುವ ಹೊರೆಗೆ ಅದು ಬೇಗ ಸೋಲುತ್ತದೆ. ಬಿಲ್ ಹಿಡಿದು ಬದಲಿಸಿಕೊಳ್ಳಿ. ಲೇಬಲ್‌ನ ಚಿತ್ರ ಇಲ್ಲಿ ಹಾಕಿದರೆ ನಾನು ನೋಡಿ ಹೇಳುತ್ತೇನೆ.