ಹೆಣ್ಣು ಗುಬ್ಬಿಯೋ, ಗೀಜಗವೋ? ಗುರುತು ಹಿಡಿಯೋದು ಹೇಗೆ

ಕಣದಂಚು (ಬೇಲೂರು)
ಭತ್ತ ಬಡಿದ ಕಣಕ್ಕೆ ಕಂದು ಹಕ್ಕಿಗಳ ಹಿಂಡು ಬರ್ತಿದೆ. ಗಂಟಲು ಕಪ್ಪಿರೋದು ಗಂಡು ಗುಬ್ಬಿ, ಸರಿ. ಉಳಿದವೆಲ್ಲ ಹೆಣ್ಣು ಗುಬ್ಬಿಗಳೇನಾ? ಕೆಲವಕ್ಕೆ ಹುಬ್ಬು ಹಳದಿ, ಕೆಲವಕ್ಕೆ ಎದೆ ಮೇಲೆ ಗೀರು. ಆ್ಯಪ್ ಒಂದೊಂದು ಫೋಟೋಗೆ ಒಂದೊಂದು ಹೆಸರು ಹೇಳುತ್ತೆ.

ಜಂಬುಹುಲ್ಲು (ಚನ್ನರಾಯಪಟ್ಟಣ)
ಸುಗ್ಗಿ ಹೊತ್ತಿಗೆ ಗಂಡು ಗೀಜಗವೂ ಹಳದಿ ಟೋಪಿ ಕಳಚಿ ಹೆಣ್ಣಿನ ಹಾಗೇ ಆಗಿಬಿಟ್ಟಿರುತ್ತೆ. ಗೊಂದಲಕ್ಕೆ ಮುಖ್ಯ ಕಾರಣ ಅದೇ. ಬಣ್ಣ ಬಿಡಿ, ಮೊದಲು ಕೊಕ್ಕು ನೋಡಿ. ಗೀಜಗದ ಕೊಕ್ಕು ಬುಡದಲ್ಲಿ ದಪ್ಪ, ಶಂಕುವಿನ ಆಕಾರ, ಹಣೆಯಿಂದ ಹೆಚ್ಚುಕಮ್ಮಿ ನೇರವಾಗಿ ಇಳಿದಿರುತ್ತೆ. ಬಾಲ ಮೊಂಡು. ಗುಬ್ಬಿಯ ಕೊಕ್ಕು ಚಿಕ್ಕದು, ಬಾಲ ಉದ್ದ.

ಆಮೇಲೆ ಹುಬ್ಬು. ಹೆಣ್ಣು ಗುಬ್ಬಿಗೆ ಮಾಸಲು ಪಟ್ಟೆ ಕಣ್ಣಿನ ಹಿಂದೆಯೇ ಎದ್ದು ಕಾಣೋದು. ಗೀಜಗಕ್ಕೆ ಕಣ್ಣಿನ ಮುಂದಿನಿಂದಲೇ ಶುರು. ಎಳೆಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಗುಬ್ಬಿಯ ಹುಬ್ಬೂ ಹಳದಿ ಕಾಣುತ್ತೆ, ಅದನ್ನೊಂದೇ ನಂಬಬೇಡಿ. ಬೆನ್ನಲ್ಲಿ ಎರಡಕ್ಕೂ ಗೀರಿದೆ, ಅಲ್ಲಿ ನೋಡಿ ಉಪಯೋಗವಿಲ್ಲ. ಎದೆಯಲ್ಲಿ ಸ್ಪಷ್ಟ ಗೀರಿದ್ದರೆ ಮಾತ್ರ ಅದು ಗುಬ್ಬಿ ಅಲ್ಲವೇ ಅಲ್ಲ.

ಕಾಫಿ ನೆರಳು (ಮೂಡಿಗೆರೆ)
ಗೀರಿನ ಎದೆಯ ಹಕ್ಕಿಗೆ ಹುಬ್ಬು ಇದೆಯಾ? ಹುಬ್ಬೇ ಇಲ್ಲದ ಬೋಳು ಮುಖ, ಮಣಿಯಂಥ ಕಪ್ಪು ಕಣ್ಣು, ತುದಿ ಕವಲಾದ ಬಾಲ ಇದ್ದರೆ ಚಳಿಗಾಲಕ್ಕೆ ವಲಸೆ ಬರುವ ರೋಸ್‌ಫಿಂಚ್‌ನ ಹೆಣ್ಣು.

ಗುಂಪಲ್ಲಿ ತೀರಾ ಚಿಕ್ಕವು ಇದ್ದರೆ ರಾಟವಾಳ. ಗುಬ್ಬಿ ಸುಮಾರು 15 ಸೆಂ.ಮೀ., ಇವು 11ರ ಆಸುಪಾಸು. ಚುಕ್ಕೆ ರಾಟವಾಳದ ಮರಿಗೆ ಚುಕ್ಕೆಯೇ ಇರಲ್ಲ, ಮೈಯೆಲ್ಲ ಒಂದೇ ಕಂದು. ಬೆನ್ನಲ್ಲಿ ಗುಬ್ಬಿಯಂಥ ಕಪ್ಪು ಗೀರಿಲ್ಲ ಅನ್ನೋದೇ ಗುರುತು. ಹಾರುವಾಗ ಸೊಂಟ ಬೆಳ್ಳಗೆ ಮಿಂಚಿದರೆ ಅದು ತೋಟಗಳಲ್ಲಿ ಸಿಗುವ ಇನ್ನೊಂದು ಜಾತಿಯ ರಾಟವಾಳ. ಅಂದಹಾಗೆ, ಮನೆ ಗುಬ್ಬಿ ಜನ ಇರೋ ಕಡೆ ಬಿಟ್ಟು ದೂರ ಹೋಗೋದಿಲ್ಲ. ನೆರಳು ಮರಗಳ ನಡುವೆ, ಮನೆಯಿಂದ ದೂರ ಕಂಡಿದ್ದಕ್ಕೆ ಗುಬ್ಬಿ ಅನ್ನೋ ಮೊದಲು ಎರಡು ಸಲ ನೋಡಿ.

ಕಣದಂಚು (ಬೇಲೂರು)
ಹುಬ್ಬು ಇದೆ, ಹಳದಿ. ಕತ್ತಿನ ಪಕ್ಕದಲ್ಲೂ ಹಳದಿ ಮಚ್ಚೆ. ಕೆರೆ ಹತ್ತಿರದಲ್ಲೇ ಇದೆ.

ಜಂಬುಹುಲ್ಲು (ಚನ್ನರಾಯಪಟ್ಟಣ)
ಹಾಗಾದರೆ ಗೀಜಗದಲ್ಲೇ ಎದೆಗೆ ಗೀರಿರುವ ಜಾತಿ. ಅದು ಗೂಡು ಕಟ್ಟೋದು ಕೆರೆಯ ಜೊಂಡಿನಲ್ಲಿ. ಈಚಲು, ಜಾಲಿಗೆ ಗೂಡು ನೇತುಹಾಕೋದು ಮಾಮೂಲಿ ಗೀಜಗ.

ಬಯಲು ದಾರಿ (ಕಡೂರು)
ನಮ್ಮ ಕಡೆ ಬಂದರೆ ಹಳದಿ ಕತ್ತಿನ ಗುಬ್ಬಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆನ್ನು ಗೀರಿಲ್ಲದ ಬೂದುಗಂದು, ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟಿ, ಕೊಕ್ಕು ಸಪೂರ. ಗಂಡಿನ ಹೆಗಲು ಇಟ್ಟಿಗೆಗೆಂಪು. ಗಂಟಲ ಹಳದಿ ಬರೀ ಒಂದು ಬೊಟ್ಟು, ಕತ್ತೆತ್ತಿದಾಗ ಮಾತ್ರ ಕಾಣುತ್ತೆ, ಹಾಗಾಗಿ ಹೆಸರು ನಂಬಿ ಅದನ್ನೇ ಹುಡುಕುತ್ತಾ ಕೂರಬೇಡಿ. ಮರದ ಪೊಟರೆಯಲ್ಲಿ ಗೂಡು ಮಾಡುತ್ತೆ. ಫೋಟೋ ಹಾಕೋದಾದರೆ ಕೊಕ್ಕು, ಹೆಗಲು ಎರಡೂ ಕಾಣುವಂತೆ ಪಕ್ಕದಿಂದ ತೆಗೆದದ್ದು ಹಾಕಿ.