ಕ್ವೆರಿ ಬೇಕಂತಲೇ ನಿಧಾನ ಓಡಸೋದು ಹ್ಯಾಂಗ್ರಿ? ಪೋಸ್ಟ್‌ಗ್ರೆಸ್, ಸ್ಪ್ರಿಂಗ್ ಬೂಟ್

ಗಂಜ್ ಹುಡುಗ, ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಇಲ್ಲೇ ನೆಹರು ಗಂಜ್‌ದಾಗಿನ ಅಡತಿ ಅಂಗಡಿಗಳಿಗೆ ಪಟ್ಟಿ ಮಾಡೋ ಸಾಫ್ಟ್‌ವೇರ್ ಬರದು ಕೊಡ್ತೀನಿ. ರೈತ ಮಾಲ್ ತರ್ತಾನ, ತೂಕ ಆಗ್ತದ, ರೇಟ್ ಕೂಡ್ತದ, ಹಮಾಲಿ ಲೆಕ್ಕ ಹಿಡದು ಅವನ ಕೈಗೆ ಪಟ್ಟಿ ಕೊಡಬೇಕು. ಕೆಲಸ ಇಷ್ಟೇ. ಹಿಂದಗಡೆ ಸ್ಪ್ರಿಂಗ್ ಬೂಟ್ (ಜಾವಾ ಆ್ಯಪ್ ಕಟ್ಟೋ ಚೌಕಟ್ಟು), ಡೇಟಾಬೇಸ್ ಪೋಸ್ಟ್‌ಗ್ರೆಸ್ 15.

ವರ್ಷದಾಗ ಒಂಬತ್ತು ತಿಂಗಳು ಯಾರೂ ಫೋನ್ ಮಾಡಲ್ಲ. ಎಳ್ಳ ಅಮಾಸಿ ಬಂತಂದ್ರ ಹೊಸ ತೊಗರಿ ಗಂಜಿಗೆ ಬರ್ಲಾಕ ಚಾಲೂ ಆಗ್ತದ, ನನ್ನ ಫೋನೂ ಚಾಲೂ ಆಗ್ತದ. ಸಂಜಿಮುಂದ ಮಾಲೀಕರು ಒಳಗ ಕುಂತು ಪಾರ್ಟಿವಾರು ಬಾಕಿ ವರದಿ ತಗೀತಾರ. ಅದೇ ಹೊತ್ತಿಗೆ ಹೊರಗ ಗುಮಾಸ್ತ ಪಟ್ಟಿ ಉಳಸ್ಲಾಕ ಹೋಗ್ತಾನ. ಚಕ್ರ ತಿರಗ್ತದ, ತಿರಗ್ತದ. ಮುಂದ ರೈತ ನಿಂತಾನ, ಅವಂಗ ಬಸ್ ಹಿಡೀಬೇಕು. ಗುಮಾಸ್ತ ಮತ್ತೊಮ್ಮಿ ಬಟನ್ ಒತ್ತತಾನ. ಒಬ್ಬನೇ ರೈತ, ಅವೇ ಚೀಲ, ಅದೇ ತೂಕ, ಪಟ್ಟಿ ಮಾತ್ರ ಎರಡು. ಕೆಲವೊಮ್ಮಿ ಅದೂ ಇಲ್ಲ, ಕನೆಕ್ಷನ್ ಸಿಗಲಿಲ್ಲ ಅಂತ ಪೂರಾ ಪರದೆ ಕೆಂಪಾಗ್ತದ.

ನನ್ನ ಲ್ಯಾಪ್‌ಟಾಪ್‌ದಾಗ ಇದು ಒಂದೂ ಆಗಲ್ಲ. ಇರೋ ಡೇಟಾನೇ ಒಂದು ಪರದೆ ತುಂಬೋವಷ್ಟು, ಬಟನ್ ಒತ್ತೋದ್ರಾಗ ಉತ್ತರ ಬಂದಿರ್ತದ. ನನಗ ಬೇಕಾಗಿದ್ದು ಇಷ್ಟು: ಟೆಸ್ಟ್ ಡೇಟಾಬೇಸ್‌ದಾಗ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಐದಾರು ಸೆಕೆಂಡ್ ತಡ ಆಗಬೇಕು, ಹೇಳಿದಾಗ ತಡ, ಬ್ಯಾಡಂದಾಗ ಜಲ್ದಿ. ಹೇಳಿದಷ್ಟು ಸೆಕೆಂಡ್ ಕ್ವೆರಿ ಮಲಗಸೋ ಪಿಜಿ_ಸ್ಲೀಪ್ ಅಂತ ಒಂದು ಫಂಕ್ಷನ್ ಅದ ಅಂತ ಗೊತ್ತದ. ಆದ್ರ ಅದನ್ನ ಜಾವಾ ಕೋಡ್‌ನ್ಯಾಗ ತುರಕ್ಲಾಕ ಮನಸ್ಸಿಲ್ಲ. ನಾಳಿ ತಗೀಲಾಕ ಮರತು ಅದೇ ಗಂಜಿಗೆ ಹೋದ್ರ ಗುಮಾಸ್ತರು ನನ್ನ ಮನಿಗೇ ಬರ್ತಾರ. ಕೋಡ್ ಮುಟ್ಟಲಾರ್ದೇ ಮಾಡೋ ಹಾದಿ ಏನರ ಅದ ಏನ್ರಿ?


ಸೇಡಂ ರೋಡ್:

ಇದಕ್ಕ ಡೇಟಾಬೇಸ್ ತನಕ ಯಾಕ ಹೋಗ್ತೀರಿ? ಕ್ರೋಮ್ ಡೆವ್‌ಟೂಲ್ಸ್ ತಗೀರಿ, ನೆಟ್‌ವರ್ಕ್ ಟ್ಯಾಬ್‌ದಾಗ ಥ್ರಾಟ್ಲಿಂಗ್ (ಲೈನ್ ಬೇಕಂತಲೇ ನಿಧಾನ ಮಾಡೋದು) ಅದ, 3ಜಿ ಹಾಕ್ರಿ. ಚಕ್ರ ತಿರಗ್ತದ. ಮುಗೀತು.


ಗಂಜ್ ಹುಡುಗ:

ಅದು ನೋಡೀನಿ ಅಣ್ಣಾ. ಬಟನ್ ಎರಡು ಸಲ ಒತ್ತೋದು ಅದರಾಗೂ ಕಾಣ್ತದ. ಆದ್ರ ಅಲ್ಲಿ ತಡ ಆಗೋದು ಬ್ರೌಸರ್‌ಕ್ಕೂ ಸರ್ವರ್‌ಕ್ಕೂ ನಡುವ. ಸರ್ವರ್ ಡೇಟಾಬೇಸ್ ಕನೆಕ್ಷನ್ ಹಿಡಕೊಂಡು ಕೂಡೋದೇ ಇಲ್ಲ, ಕ್ಷಣದಾಗ ಬಿಟ್ಟು ಕೊಡ್ತದ. ಆ ಕೆಂಪು ಪರದೆ ಅದರಿಂದ ಬರಲ್ಲ.


ಬೀದರ್ ಅಕ್ಕೋರು:

ತಮ್ಮಾ, ನೀ ಕೇಳಿದ್ದು ಬರೋಬರಿ ಅದ. ಕಾಲೇಜಿನ ಲ್ಯಾಬ್‌ನ್ಯಾಗ ನಮ್ಮ ಹುಡುಗರಿಗೆ ನಾ ಇದನ್ನೇ ಮಾಡಿಸ್ತೀನಿ. ಓದೋದಕ್ಕ ಒಂದು ಹಾದಿ, ಬರಿಯೋದಕ್ಕ ಇನ್ನೊಂದು.

ಮೊದಲು ಓದೋದು, ಅಂದ್ರ ನಿನ್ನ ವರದಿ. ಟೆಸ್ಟ್ ಡೇಟಾಬೇಸ್‌ದಾಗ ನಿಧಾನ ಅಂತ ಬ್ಯಾರೆ ಸ್ಕೀಮಾ (ಟೇಬಲ್ ಇಡೋ ಖಾನೆ) ಮಾಡು. ಅದರೊಳಗ ಪಟ್ಟಿ ಟೇಬಲ್‌ದ ಹೆಸರ್ಲೇ ಒಂದು ವ್ಯೂ (ಟೇಬಲ್‌ನಂಗ ಕಾಣೋ, ಉಳಿಸಿಟ್ಟ ಸೆಲೆಕ್ಟ್) ಮಾಡು. ಆ ವ್ಯೂ ಪಬ್ಲಿಕ್ ಸ್ಕೀಮಾದಾಗಿನ ಖರೇ ಟೇಬಲ್ ಓದ್ತದ, ಜೋಡಿಗೆ ಪಿಜಿ_ಸ್ಲೀಪ್(5) ಕರೀತದ. ಆಮ್ಯಾಲ ವರದಿ ಓಡಸೋ ರೋಲ್‌ಗೆ (ಡೇಟಾಬೇಸ್‌ದ ಬಳಕೆದಾರ) ಆಲ್ಟರ್ ರೋಲ್ ಕೊಟ್ಟು ಸರ್ಚ್ ಪಾತ್‌ದಾಗ (ಟೇಬಲ್ ಹುಡುಕೋ ಸ್ಕೀಮಾಗಳ ಸಾಲು) ನಿಧಾನ ಮೊದಲು, ಪಬ್ಲಿಕ್ ಆಮ್ಯಾಲ ಅಂತ ಇಡು. ನಿನ್ನ ಜಾವಾ ಪಟ್ಟಿ ಅಂತಷ್ಟೇ ಕೇಳ್ತದ, ಅದಕ್ಕ ವ್ಯೂ ಸಿಗ್ತದ. ಎಲ್ಲರ ಪಬ್ಲಿಕ್.ಪಟ್ಟಿ ಅಂತ ಪೂರಾ ಹೆಸರು ಬರದಿದ್ರ ಮಾತ್ರ ಈ ಆಟ ನಡಿಯಲ್ಲ. ಇನ್ನೊಂದು, ರೋಲ್‌ದ ಬದಲಾವಣೆ ಹೊಸ ಸೆಷನ್‌ಗಷ್ಟೇ ಹತ್ತತದ. ಪೂಲ್‌ದಾಗ (ಆ್ಯಪ್ ಮೊದಲೇ ತಗದು ಇಟ್ಟ ಕನೆಕ್ಷನ್ ಗುಂಪು) ಹಳೇ ಕನೆಕ್ಷನ್ ಕುಂತಿರ್ತಾವಲ್ಲ, ಆ್ಯಪ್ ಒಮ್ಮಿ ಬಂದ್ ಮಾಡಿ ಚಾಲೂ ಮಾಡು.

ಹುಡುಗರು ಎಡವೋ ಜಾಗ ಇದು, ನೋಡಿ ಇಟ್ಕೋ. ಸೆಲೆಕ್ಟ್ ಸ್ಟಾರ್, ಪಿಜಿ_ಸ್ಲೀಪ್(5) ಫ್ರಮ್ ಪಟ್ಟಿ ಅಂತ ಸೀದಾ ಬರದ್ರ ಸಾಲಿಗೊಮ್ಮಿ ಮಲಗ್ತದ. ನೂರು ಸಾಲಿದ್ರ ಐನೂರು ಸೆಕೆಂಡ್, ಎಂಟು ನಿಮಿಷಕ್ಕ ಹೆಚ್ಚು. ಒಮ್ಮೇ ಮಲಗಬೇಕಂದ್ರ ವಿತ್ ಹಾಕು:

ವಿತ್ ತಡ ಆ್ಯಸ್ ಮೆಟೀರಿಯಲೈಸ್ಡ್ (ಸೆಲೆಕ್ಟ್ ಪಿಜಿ_ಸ್ಲೀಪ್(5)) ಸೆಲೆಕ್ಟ್ ಪ.* ಫ್ರಮ್ ಪಬ್ಲಿಕ್.ಪಟ್ಟಿ ಪ, ತಡ;

ಕೊನೀಗೆ ಆ ಕಾಮಾ ತಡ ಬಿಡಬ್ಯಾಡ. ವಿತ್ ಒಳಗ ಬರದ ಸೆಲೆಕ್ಟ್‌ನ್ನ ಕೆಳಗ ಯಾರೂ ಕೇಳಲಿಲ್ಲಂದ್ರ ಪೋಸ್ಟ್‌ಗ್ರೆಸ್ ಅದನ್ನ ಓಡಸೋದೇ ಇಲ್ಲ, ಕ್ವೆರಿ ಕಣ್ಣು ಮುಚ್ಚಿ ತಗಿಯೋದ್ರಾಗ ಬಂದು ಬಿಡ್ತದ. ಮೆಟೀರಿಯಲೈಸ್ಡ್ ಅನ್ನೋ ಶಬ್ದ 12ನೇ ಆವೃತ್ತಿಯಿಂದ ಅದ, ನಿಂದು 15, ಚಿಂತಿಲ್ಲ.

ಇನ್ನ ಉಳಿಸೋದು. ಇಂಥಾ ವ್ಯೂ ಮ್ಯಾಲ ಇನ್ಸರ್ಟ್ ಆಗಲ್ಲ, ಅದಕ್ಕ ಟ್ರಿಗರ್ (ಟೇಬಲ್‌ದಾಗ ಏನರ ಆದಾಗ ತಾನೇ ಓಡೋ ಫಂಕ್ಷನ್) ಬೇಕು. ಖರೇ ಪಟ್ಟಿ ಟೇಬಲ್‌ಗೇ ಒಂದು ಇನ್ಸರ್ಟ್ ಟ್ರಿಗರ್ ಹಾಕು, ಫಾರ್ ಈಚ್ ಸ್ಟೇಟ್‌ಮೆಂಟ್ ಅಂತ. ಫಂಕ್ಷನ್ ಒಳಗ ಪರ್ಫಾರ್ಮ್ ಪಿಜಿ_ಸ್ಲೀಪ್, ರಿಟರ್ನ್ ನಲ್, ಅಷ್ಟೇ. ಎಷ್ಟು ಸೆಕೆಂಡ್ ಅನ್ನೋದನ್ನ ಫಂಕ್ಷನ್‌ದಾಗ ಬರಿಬ್ಯಾಡ. ಒಂದೇ ಸಾಲಿನ ಸಣ್ಣ ಟೇಬಲ್ ಮಾಡಿ ಅದರಿಂದ ಓದ್ಸು. ಸೊನ್ನೆ ಹಾಕಿದ್ರ ಜಲ್ದಿ, ಆರು ಹಾಕಿದ್ರ ತಡ, ಏನೂ ಬಂದ್ ಮಾಡೋದು ಬ್ಯಾಡ.

ಬಿಫೋರ್ ಹಾಕ್ಬೇಕೋ ಆಫ್ಟರ್ ಹಾಕ್ಬೇಕೋ ಅಂತ ನೀ ಕೇಳೇ ಕೇಳ್ತಿ. ಎರಡೂ ಹಾಕಿ ನೋಡು. ಬಿಫೋರ್‌ದಾಗ ಇನ್ನ ಸಾಲು ಬರದಿರಲ್ಲ, ಯಾವ ಸಾಲೂ ಹಿಡದಿರಲ್ಲ, ಎರಡು ಉಳಿಸುವಿಕೆ ಜೋಡಿಲೇ ಮಲಗಿ ಜೋಡಿಲೇ ಏಳ್ತಾವ. ಆಫ್ಟರ್‌ದಾಗ ಸಾಲು ಬರದಾದ ಮ್ಯಾಲ, ಕಮಿಟ್‌ಕ್ಕ (ಬರದದ್ದು ಪಕ್ಕಾ ಆಗೋದಕ್ಕ) ಮೊದಲು ಮಲಗ್ತದ. ಆಗ ಅದೇ ಯುನೀಕ್ ಕೀ (ಟೇಬಲ್‌ದಾಗ ಎರಡು ಸಲ ಬರಬಾರದ ಗುರುತು) ಹಿಡಕೊಂಡು ಎರಡನೇದು ಬಂದ್ರ ಮೊದಲಿಂದು ಮುಗಿಯೋ ತನಕ ಬಾಗಿಲದಾಗೇ ನಿಲ್ತದ. ನಿನ್ನ ಎರಡು ಪಟ್ಟಿ ಗುಟ್ಟು ಅಲ್ಲೇ ಬಿಚ್ಚತದ ಅಂತ ನನಗ ಅನಸ್ತದ.


ಭೀಮಾ ದಂಡಿ, ಊರು ಯಾದಗಿರಿ, ಸದ್ಯ ಬೆಂಗಳೂರು:

ಅಕ್ಕೋರು ಹೇಳಿದ್ದು ಎಲ್ಲಾ ಖರೆ. ನಾ ಹೊಟ್ಟಿಪಾಡಿಗೆ ಡಿಬಿಎ (ಡೇಟಾಬೇಸ್ ನೋಡ್ಕೊಳ್ಳಾವ), ನಂದೊಂದು ತಕರಾರು ಅದ: ಸ್ಲೀಪ್ ಅಂದ್ರ ನಿಧಾನ ಅಲ್ಲ, ಬರೇ ಕಾಯೋದು. ಐವತ್ತು ಸೆಷನ್ ಸ್ಲೀಪ್ ಹಾಕ್ರಿ, ಸಿಪಿಯು ತಣ್ಣಗಿರ್ತದ, ಡಿಸ್ಕ್ ಅಲ್ಲಾಡಲ್ಲ. ಸೀಸನ್‌ದಾಗ ನಿಮ್ಮ ಸರ್ವರ್ ಹಂಗ ಇರ್ತದೇನು? ಚಕ್ರ, ಟೈಮ್‌ಔಟ್, ಪೂಲ್, ಈ ಮೂರಕ್ಕ ಸ್ಲೀಪ್ ಸಾಕು. ಇಂಡೆಕ್ಸ್ (ಸಾಲು ಜಲ್ದಿ ಹುಡುಕೋ ಸೂಚಿ) ಹಾಕಿದ್ರ ವರದಿ ಎಷ್ಟು ಜಲ್ದಿ ಆಗ್ತದ ಅಂತ ನೋಡ್ಲಾಕ ಸ್ಲೀಪ್ ನಯಾಪೈಸೆ ಉಪಯೋಗಿಲ್ಲ. ಅದಕ್ಕ ಸಾಲಾಗಿ ಅಂಕಿ ಹುಟ್ಟಸೋ ಜನರೇಟ್_ಸೀರೀಸ್ ಹಚ್ಚಿ ಇಪ್ಪತ್ತು ಲಕ್ಷ ಸುಳ್ಳು ಪಟ್ಟಿ ತುಂಬ್ರಿ, ಇದ್ದ ಇಂಡೆಕ್ಸ್ ಕಿತ್ತಿ ಎಕ್ಸ್‌ಪ್ಲೇನ್ ಅನಲೈಜ್ ನೋಡ್ರಿ, ಕ್ವೆರಿ ಹ್ಯಾಂಗ ಓಡಿತು, ಎಷ್ಟು ಹೊತ್ತು ಹಿಡೀತು ಅಂತ ಅದು ತೋರಸ್ತದ. ಸುಳ್ಳು ತುಂಬುವಾಗ ಎಲ್ಲಾ ರೈತರಿಗೂ ಸಮ ಸಮ ಹಂಚಬ್ಯಾಡ್ರಿ. ಗಂಜ್‌ದಾಗ ಎಲ್ಲಾರೂ ಸಮ ಇರಲ್ಲ, ಕೆಲವು ಪಾರ್ಟಿಗಳದೇ ಅರ್ಧ ವಹಿವಾಟು ಇರ್ತದ. ಪ್ಲಾನರ್ (ಕ್ವೆರಿ ಓಡಸೋ ಹಾದಿ ಆರಸೋ ಭಾಗ) ಕೆಡೋದು ಅಂಥಾ ಕಡೀನೇ.

ಕೆಂಪು ಪರದೆ ಬಗ್ಗೆ. ಸ್ಪ್ರಿಂಗ್ ಬೂಟ್ ಅಂದ್ರ ಹಿಕಾರಿ ಪೂಲ್. ಏನೂ ಮುಟ್ಟದಿದ್ರ ಕನೆಕ್ಷನ್ 10, ಕಾಯೋ ಮಿತಿ 30 ಸೆಕೆಂಡ್. ಹತ್ತೂ ವರದಿ ಹಿಡಕೊಂಡು ಕುಂತ್ರ ಹನ್ನೊಂದನೇದು ಬರೇ ಸೆಲೆಕ್ಟ್ 1 ಇದ್ರೂ ಸಾಲಿನ್ಯಾಗ ನಿಲ್ತದ, ಮೂವತ್ತು ಸೆಕೆಂಡ್ ಆದ ಮ್ಯಾಲ ಎಕ್ಸೆಪ್ಶನ್ ಒಗೀತದ. ಇದನ್ನ ನೋಡ್ಲಾಕ ಹತ್ತು ಬ್ರೌಸರ್ ತಗಿಯೋ ದರ್ದಿಲ್ಲ. ಟೆಸ್ಟ್‌ದಾಗ ಪೂಲ್ 2ಕ್ಕ ಇಳಸ್ರಿ, ಮಿತಿ 3 ಸೆಕೆಂಡ್ ಮಾಡ್ರಿ, ಎರಡು ಟ್ಯಾಬ್‌ದಾಗ ವರದಿ ಬಿಟ್ಟು ಮೂರನೇದ್ರಾಗ ಪಟ್ಟಿ ಉಳಸ್ರಿ.

ಇನ್ನೊಂದು ಥರದ ತಡ ಲಾಕ್. ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ದ ಕಮಾಂಡ್ ಪರದೆ) ತಗದು ಬಿಗಿನ್, ಆಮ್ಯಾಲ ಲಾಕ್ ಟೇಬಲ್ ಪಟ್ಟಿ ಅಂತ ಹೊಡದು ಚಾ ಕುಡೀಲಾಕ ಹೋಗ್ರಿ. ಮೋಡ್ ಹೇಳದಿದ್ರ ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಬೀಳ್ತದ, ಓದೋರೂ ನಿಲ್ತಾರ. ತಿರಗಿ ಬಂದು ರೋಲ್‌ಬ್ಯಾಕ್ ಅಂದ್ರ ಎಲ್ಲಾ ಹರೀತದ. ಟ್ರಿಗರ್ ಇಲ್ಲ, ವ್ಯೂ ಇಲ್ಲ, ಸಾಫ್ ಕೆಲಸ. ನಾ ಮೊದಲು ಮಾಡೋದು ಇದೇ.

ಲೈನ್‌ದ ತಡ ಇನ್ನೂ ಬ್ಯಾರೆ. ನಿಮ್ಮ ಪಾರ್ಟಿ ಪರದೆ ಒಮ್ಮಿ ತಗದ್ರ ನಲವತ್ತು ಸಣ್ಣ ಕ್ವೆರಿ ಹೋಗ್ತಾವ ಅಂತ ತಿಳಕೋರಿ. ಲ್ಯಾಪ್‌ಟಾಪ್‌ದಾಗ ಅದು ಕಾಣೋದೇ ಇಲ್ಲ. ನಡುವ 50 ಮಿಲಿಸೆಕೆಂಡ್ ಇಟ್ರ ಎರಡು ಸೆಕೆಂಡ್ ಆಗ್ತದ. ಇದಕ್ಕ ಶಾಪಿಫೈದವರ ಟಾಕ್ಸಿಪ್ರಾಕ್ಸಿ ಅದ. ಆ್ಯಪ್ ಅದಕ್ಕ ಜೋಡಿಸ್ತೀರಿ, ಅದು ಪೋಸ್ಟ್‌ಗ್ರೆಸ್‌ಗೆ ಜೋಡಸ್ತದ, ಲೇಟೆನ್ಸಿ ಎಷ್ಟು ಅಂತ ಹೇಳಿದ್ರಾಯ್ತು. ಲಿನಕ್ಸ್ ಇದ್ರ ಅದರದೇ ಟಿಸಿ ನೆಟೆಮ್ ಕಮಾಂಡ್‌ದಾಗೂ ಆಗ್ತದ, ಆದ್ರ ರಿಮೋಟ್ ಮಷೀನ್ ಇದ್ರ ನಿಮ್ಮ ಎಸ್‌ಎಸ್‌ಎಚ್ಚೂ (ದೂರದಿಂದ ಮಷೀನ್ ಒಳಗ ಹೋಗೋ ಲೈನ್) ಅದರ ಜೋಡಿಗೇ ಕುಂಟತದ.


ಸೇಡಂ ರೋಡ್:

ಥ್ರಾಟ್ಲಿಂಗ್ ಮಾತು ವಾಪಸ್ ತಗೊಂಡೆ. ನಮ್ಮಲ್ಲಿ ಮೈಎಸ್‌ಕ್ಯೂಎಲ್, ಸ್ಲೀಪ್ ಅಲ್ಲೂ ಅದ. ಮ್ಯಾಕ್ಸ್_ಎಕ್ಸಿಕ್ಯೂಶನ್_ಟೈಮ್ (ಕ್ವೆರಿ ಓಡೋ ಹೊತ್ತಿನ ಮಿತಿ) ಒಂದು ಸೆಕೆಂಡ್ ಇಟ್ಟು ಸೆಲೆಕ್ಟ್ ಸ್ಲೀಪ್(10) ಕೊಟ್ಟೆ. ಒಂದು ಸೆಕೆಂಡಿಗೆ ನಿಂತಿತು, ಆದ್ರ ಎರರ್ ಬರ್ಲಿಲ್ಲ, 1 ಅಂತ ಉತ್ತರ ಬಂತು. ನನ್ನ ಟೈಮ್‌ಔಟ್ ಟೆಸ್ಟ್ ಪಾಸ್ ಅಂತಂದ್ರ ಪಾಸ್, ಫೇಲ್ ಅಂತಂದ್ರ ಫೇಲ್.


ಭೀಮಾ ದಂಡಿ:

ಅದು ಹಂಗೇರಿ. ಸ್ಲೀಪ್ ಒಂದೇ ಇದ್ದಾಗ ನಡುವ ಮುರದ್ರ 1 ಕೊಡ್ತದ, ಪೂರಾ ಮಲಗಿ ಎದ್ರ 0. ಎರರ್ ಬೇಕಂದ್ರ ಸೆಲೆಕ್ಟ್ 1 ಫ್ರಮ್ ಯಾವುದರ ಟೇಬಲ್ ವೇರ್ ಸ್ಲೀಪ್(10) ಅಂತ ಬರೀರಿ, ಆಗ ಟೈಮ್‌ಔಟ್ ಎರರ್ 3024 ಬರ್ತದ. ಟೇಬಲ್ ಖಾಲಿ ಇರಬಾರದು ಮತ್ತ. ಆ ಮಿತಿ ಮಿಲಿಸೆಕೆಂಡ್ ಲೆಕ್ಕ, ಅದೂ ಬರೇ ಓದೋ ಸೆಲೆಕ್ಟ್‌ಗಷ್ಟೇ. ಇನ್ಸರ್ಟ್‌ಕ್ಕ ಹತ್ತಲ್ಲ.


ಗಂಜ್ ಹುಡುಗ:

ಅಕ್ಕೋರೆ, ಆಫ್ಟರ್ ಟ್ರಿಗರ್ ಹಾಕಿ ಆರು ಸೆಕೆಂಡ್ ಕೊಟ್ಟು ಗುಮಾಸ್ತನಂಗ ಬಟನ್ ಎರಡು ಸಲ ಒತ್ತಿದೆ. ಬಾಗಿಲದಾಗ ಯಾರೂ ನಿಲ್ಲಲಿಲ್ರಿ, ಎರಡೂ ಪಟ್ಟಿ ಆರಾಮ ಬಂದ್ವು. ನೋಡಿದ್ರ ಪಟ್ಟಿ ನಂಬರ್ ಸೀಕ್ವೆನ್ಸ್‌ದಿಂದ ಬರ್ತದ, ಎರಡಕ್ಕೂ ಬ್ಯಾರೆ ಬ್ಯಾರೆ ನಂಬರ್, ಡಿಕ್ಕಿ ಹೊಡಿಯೋ ಕೀನೇ ಇಲ್ಲ. ಈಗ ಫಾರ್ಮ್ ತಗಿಯೋವಾಗೇ ಒಂದು ಯುಯುಐಡಿ (ಮತ್ತೊಂದಕ್ಕ ಬರಲಾರ್ದ ಗುರುತಿನ ನಂಬರ್) ಹುಟ್ಟಸ್ತೀನಿ, ಟೇಬಲ್‌ದಾಗ ಅದಕ್ಕ ಯುನೀಕ್ ಇಂಡೆಕ್ಸ್. ಎರಡನೇ ಒತ್ತು ಆರು ಸೆಕೆಂಡ್ ನಿಂತು 23505 (ಈ ಕೀ ಮೊದಲೇ ಅದ ಅನ್ನೋ ಎರರ್) ತಗೊಂಡು ಬರ್ತದ. ಅದನ್ನ ಹಿಡದು ಗುಮಾಸ್ತಗ ಎರರ್ ತೋರಸಲ್ಲ, ಮೊದಲ ಪಟ್ಟೀನೇ ತಗದು ಪ್ರಿಂಟ್‌ಗೆ ಕೊಡ್ತೀನಿ. ಬಟನ್‌ನೂ ಒತ್ತಿದ ಮ್ಯಾಲ ಬಂದ್ ಮಾಡೀನಿ, ಆದ್ರ ಅದರ ಮ್ಯಾಲ ಭರೋಸಾ ಇಲ್ಲ, ಪೇಜ್ ರಿಫ್ರೆಶ್ ಮಾಡೋ ಮಂದಿ ಇದ್ದಾರ.

ಒಂದು ಉಳದದ ಅಣ್ಣಾ. ವರದಿ ಓಡುವಾಗ ಬ್ರೌಸರ್ ಮುಚ್ಚಿದ್ರೂ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿದಾಗ (ಯಾವ ಕ್ವೆರಿ ಓಡ್ಲಾಕತ್ತದ ಅಂತ ತೋರಸೋ ವ್ಯೂ) ಅದು ಇನ್ನೂ ಆ್ಯಕ್ಟಿವ್ ಅಂತ ಕುಂತಿರ್ತದ, ವೇಟ್ ಇವೆಂಟ್ ಪಿಜಿಸ್ಲೀಪ್. ಪೋಸ್ಟ್‌ಗ್ರೆಸ್ 14ರಾಗ ಕ್ಲೈಂಟ್ ಇನ್ನೂ ಅದನೋ ಇಲ್ಲೋ ಅಂತ ನೋಡೋ ಕ್ಲೈಂಟ್_ಕನೆಕ್ಷನ್_ಚೆಕ್_ಇಂಟರ್ವಲ್ ಬಂದದಲ್ಲ, ಅದು ಹಾಕಿದ್ರ ಸತ್ತು ಹೋಗ್ತದೇನು?


ಭೀಮಾ ದಂಡಿ:

ಇಲ್ಲ ತಮ್ಮಾ. ಪೋಸ್ಟ್‌ಗ್ರೆಸ್‌ಗೆ ಕ್ಲೈಂಟ್ ಅಂದ್ರ ನಿನ್ನ ಸ್ಪ್ರಿಂಗ್ ಬೂಟ್, ಮಾಲೀಕರ ಬ್ರೌಸರ್ ಅಲ್ಲ. ಬ್ರೌಸರ್ ಮುಚ್ಚಿದ್ರೂ ಪೂಲ್‌ದ ಕನೆಕ್ಷನ್ ಜೀವಂತ ಅದ, ಅದಕ್ಕ ಏನೂ ಗೊತ್ತಾಗಲ್ಲ. ಆ್ಯಪ್ ಸರ್ವರೇ ಬಿದ್ದಾಗ ಅದು ಕೆಲಸಕ್ಕ ಬರ್ತದ.

ನಿನಗ ಬೇಕಾಗಿದ್ದು ಸ್ಟೇಟ್‌ಮೆಂಟ್_ಟೈಮ್‌ಔಟ್, ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಅನ್ನೋ ಮಿತಿ. ವರದಿಗೆ ಒಂದು ರೋಲ್, ಪಟ್ಟಿ ಉಳಿಸೋದಕ್ಕ ಇನ್ನೊಂದು. ಆಲ್ಟರ್ ರೋಲ್ ಕೊಟ್ಟು ವರದಿದಕ್ಕ 60 ಸೆಕೆಂಡ್, ಪಟ್ಟಿದಕ್ಕ 5 ಸೆಕೆಂಡ್ ಇಡು. ಮೀರಿದ್ರ 57014 (ಕ್ವೆರಿ ರದ್ದಾತು ಅನ್ನೋ ಎರರ್) ಬರ್ತದ, ಅದನ್ನ ಹಿಡದು ಕನ್ನಡದಾಗ ನೆಟ್ಟಗ ಒಂದು ಮಾತು ತೋರ್ಸು. ಪೂಲ್ ಎರಡೂ ಬ್ಯಾರೆ ಮಾಡಿದಿ ಅಂದ್ರ ಮಾಲೀಕರ ವರದಿ ಗುಮಾಸ್ತನ ಕೈ ಕಟ್ಟಲ್ಲ. ನಿನ್ನ ಆರು ಸೆಕೆಂಡಿನ ಟ್ರಿಗರ್ ಇದಕ್ಕ ಬರೋಬರಿ ಪರೀಕ್ಷೆ, 5ಕ್ಕ ಕಡೀಬೇಕು.


ಬೀದರ್ ಅಕ್ಕೋರು:

ಯುಯುಐಡಿ ಛಲೋ ಮಾಡಿದಿ. ಆ ಟ್ರಿಗರ್ ಫೈಲ್ ಮಾತ್ರ ಫ್ಲೈವೇ (ಡೇಟಾಬೇಸ್ ಬದಲಾವಣೆ ತಾನೇ ಓಡಸೋ ಟೂಲ್) ಫೋಲ್ಡರ್‌ದಾಗ ಇಡಬ್ಯಾಡ, ಬ್ಯಾರೆ ಕಡೆ ಇಟ್ಟು ಕೈಲೇ ಓಡ್ಸು. ಫಂಕ್ಷನ್‌ದ ಮೊದಲ ಸಾಲಿನ್ಯಾಗ ಕರೆಂಟ್_ಡೇಟಾಬೇಸ್ ಹೆಸರು ಟೆಸ್ಟ್ ಅಲ್ಲದಿದ್ರ ಸುಮ್ಮನ ರಿಟರ್ನ್ ಆಗು ಅಂತನೂ ಹಾಕು.