ಎರಡು ಸರ್ವರ್ ನಡುವೆ ನೇರ ಕೇಬಲ್: ಲೈಟ್ ಉರಿಯುತ್ತೆ, ಸ್ಪೀಡ್ ಇಲ್ಲ. ಅನುಭವ ಇದ್ದವರು ಹೇಳಿ

ಗಂಗಾವತಿ, ರೈಸ್ ಮಿಲ್: ಆಫೀಸಲ್ಲಿ ಎರಡು ಲಿನಕ್ಸ್ ಸರ್ವರ್ ಇವೆ, ಒಂದು ಲೆಕ್ಕಕ್ಕೆ, ಇನ್ನೊಂದು ಬ್ಯಾಕಪ್‌ಗೆ. 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕಿ ಸ್ವಿಚ್ ಇಲ್ಲದೆ ನೇರ ಕೇಬಲ್ ಎಳೆದಿದ್ದೇವೆ. ಲಿಂಕ್ ಸ್ಪೀಡ್ ನೋಡೋ ಎಥ್‌ಟೂಲ್ ಕಮಾಂಡ್ 10000 (ಅಂದ್ರೆ 10 ಗಿಗಾಬಿಟ್) ತೋರಿಸುತ್ತದೆ. ಕಾಪಿ ಮಾತ್ರ ಸೆಕೆಂಡಿಗೆ 110 ಎಂಬಿ ದಾಟಲ್ಲ. ಸ್ವಿಚ್‌ಗೆ ಹೋಗೋ ಹಳೇ ಪೋರ್ಟ್‌ಗಳ ಐಪಿ ವಿಳಾಸ 192.168.1.10 ಮತ್ತು 11, ಹೊಸವು 20 ಮತ್ತು 21. ಯಾರಿಗಾದ್ರೂ ಹೀಗಾಗಿತ್ತಾ?

ರಾಯಚೂರು, ಜಿನ್ನಿಂಗ್ ಮಿಲ್: ನಿಮಗೆ ಲಿಂಕ್ ಆದರೂ ಬಂತಲ್ಲ, ಪುಣ್ಯವಂತರು. ನಮ್ಮದು ಇಂಟೆಲ್ ಎಕ್ಸ್520 ಕಾರ್ಡ್. ಅಂಗಡಿಯವನು "ಯಾವುದಾದ್ರೂ ನಡೀತದೆ ಸಾರ್" ಅಂತ ಬೇರೆ ಕಂಪನಿಯ ಆಪ್ಟಿಕಲ್ ಮಾಡ್ಯೂಲ್ (ಫೈಬರ್ ಸಿಕ್ಕಿಸಲು ಕಾರ್ಡಿನ ಪೋರ್ಟ್‌ಗೆ ಹಾಕೋ ತುಂಡು, ಎಸ್‌ಎಫ್‌ಪಿ ಅಂತಾರೆ) ತಲೆಗೆ ಕಟ್ಟಿದ. ಡ್ರೈವರ್ ಅದನ್ನು ಒಪ್ಪಲೇ ಇಲ್ಲ. ಆ ಕಾರ್ಡಿನ ಐಎಕ್ಸ್‌ಜಿಬಿಇ ಡ್ರೈವರ್‌ನಲ್ಲಿ 'ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ'ಗೆ 1 ಕೊಟ್ಟ ಮೇಲೆ ಪೋರ್ಟ್ ಎದ್ದಿತು. ಮಾಡ್ಯೂಲ್ ಜೋಡಿಗೆ 3,800, ಫೈಬರ್‌ಗೆ 650, ಬಂದು ತಲೆ ಕೆರೆದುಕೊಂಡಿದ್ದಕ್ಕೆ 1,500, ಅದರ ಮೇಲೆ ಶೇ. 18 ಜಿಎಸ್‌ಟಿ. ಊರೊಳಗೇ ಇರೋನು, ಪೆಟ್ರೋಲ್‌ಗೆ 300 ಬೇರೆ!

ಬಳ್ಳಾರಿ, ಜೀನ್ಸ್ ಯೂನಿಟ್: ಮಾಡ್ಯೂಲ್ ಗೋಜು ಯಾಕೆ? ನಾನು ಸೀದಾ ಡ್ಯಾಕ್ ಅನ್ನೋ ತಾಮ್ರದ ಕೇಬಲ್ ತಗೊಂಡೆ, ಎರಡೂ ತುದಿಯ ಮಾಡ್ಯೂಲ್ ಅದಕ್ಕೇ ಸೇರಿ ಬರುತ್ತವೆ. ಅದಕ್ಕೆ ಮುಂಚೆ ಇದ್ದ ಆರ್‌ಜೆ45 (ಮಾಮೂಲಿ ಲ್ಯಾನ್ ಕೇಬಲ್‌ನ) ಮಾಡ್ಯೂಲ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಬಳ್ಳಾರಿ ಏಪ್ರಿಲ್‌ನಲ್ಲಿ ಕೇಳ್ಬೇಕಾ? ಎಂಟಿಯು (ಒಂದು ಪ್ಯಾಕೆಟ್‌ನಲ್ಲಿ ಹೋಗೋ ಬೈಟ್‌ಗಳ ಮಿತಿ) 9000 ಮಾಡಿ, ಎಲ್ಲ ಸರಿಹೋಗುತ್ತೆ.

ರಾಯಚೂರು: ಪಕ್ಕಪಕ್ಕದ ಪೆಟ್ಟಿಗೆಗೆ ಡ್ಯಾಕ್ ಸರಿ. ನಮ್ಮ ಎರಡನೇ ಸರ್ವರ್ ಗೋದಾಮಿನ ಆಚೆ ಇದೆ. 7 ಮೀಟರ್ ದಾಟಿದರೆ ಸಾಮಾನ್ಯ ಡ್ಯಾಕ್ ಬರೀ ಹಗ್ಗ. ಓಎಂ3 ದರ್ಜೆಯ ಫೈಬರ್‌ನಲ್ಲಿ 10 ಗಿಗಾಬಿಟ್ 300 ಮೀಟರ್ ಹೋಗುತ್ತೆ. ಸುಮ್ನೆ ಉಪದೇಶ ಬೇಡ.

ಕೊಪ್ಪಳ, ಗಿಣಿಗೇರಾ ಕಡೆಯ ಫ್ಯಾಕ್ಟರಿ: ಪ್ರಶ್ನೆ ಓದಿದಿರಾ ಇಬ್ಬರೂ? 110 ಎಂಬಿ ಅಂದ್ರೆ 1 ಗಿಗಾ ಲಿಂಕ್‌ನ ತುದಿ ಅಲ್ವಾ? ನಾಲ್ಕೂ ಪೋರ್ಟ್ ಒಂದೇ ಸಬ್‌ನೆಟ್‌ನಲ್ಲಿದ್ರೆ (ಒಂದೇ ವಿಳಾಸದ ಗುಂಪು, ನಿಮ್ಮದು 192.168.1) ಡೇಟಾ ಹಳೇ ಸ್ವಿಚ್ ಮೇಲೇ ಓಡಬಹುದು. ನಾನು ನೇರ ಲಿಂಕ್‌ಗೆ 10.10.10.1/30, ಆ ಕಡೆಗೆ 10.10.10.2/30 ಕೊಟ್ಟೆ, /30 ಅಂದ್ರೆ ಎರಡೇ ಯಂತ್ರಕ್ಕೆ ಜಾಗ ಇರೋ ಬೇರೆ ಸಬ್‌ನೆಟ್. ಗೇಟ್‌ವೇ ಖಾಲಿ. ಕಾಪಿಗೂ ಆ ವಿಳಾಸವೇ. 'ಐಪಿ ರೂಟ್ ಗೆಟ್' ಹೊಡೆದರೆ ಯಾವ ಪೋರ್ಟ್ ಅಂತ ಗೊತ್ತಾಗುತ್ತೆ. ಡಿಸ್ಕ್ ಬಿಟ್ಟು ಬರೀ ಲಿಂಕ್ ಸ್ಪೀಡ್ ಅಳೆಯೋ ಐಪರ್ಫ್3 ನಲ್ಲಿ 9.4 ಗಿಗಾಬಿಟ್ ಬಂತು, ಎಂಟಿಯು 1500 ರಲ್ಲೇ. ಆದರೂ ಕಾಪಿ 180 ಎಂಬಿಗೆ ನಿಂತಿತು, ಹಳೇ ಹಾರ್ಡ್ ಡಿಸ್ಕ್ ಅಷ್ಟೇ ಎಳೆಯೋದು. ಮಾಲೀಕರು ಕೇಬಲ್ ಬೈದರು, ನನ್ನನ್ನೂ ಬೈದರು. ಎಸ್‌ಎಸ್‌ಡಿಗೆ ಮಾತ್ರ ದುಡ್ಡು ಬಿಚ್ಚಲಿಲ್ಲ.

ಬಳ್ಳಾರಿ: 9000 ಮಾಡಿದ ಮೇಲೆ ನಮ್ಮಲ್ಲಿ ಸಿಪಿಯು ಲೋಡ್ ಇಳಿದಿದ್ದು ಕಣ್ಣಾರೆ ನೋಡಿದ್ದೇನೆ.

ಕೊಪ್ಪಳ: ಇಳಿದಿರಬಹುದು, ಅವರು ಕೇಳಿದ್ದು ಅದಲ್ಲ. ಒಂದೇ ಕಡೆ 9000 ಮಾಡಿದರೆ 8972 ಬೈಟ್‌ನ ಪಿಂಗ್ ಕೂಡ ಆಚೆ ಮುಟ್ಟಲ್ಲ, ಅದನ್ನಾದರೂ ಹೇಳಬೇಕಿತ್ತು.

ರಾಯಚೂರು: ಅದಿರಲಿ, ಆ ಡ್ಯಾಕ್‌ಗೆ ಬಿಲ್ ಕೊಟ್ಟರಾ? ಬಳ್ಳಾರಿಯಲ್ಲಿ ಬಿಲ್ ಕೊಡೋ ಅಂಗಡಿ ನಾನಂತೂ ನೋಡಿಲ್ಲ.

ಬಳ್ಳಾರಿ: ಬಿಲ್ ಇದೆ. ನಿಮಗೆ ತೋರಿಸಲ್ಲ.